ಅಂಗಡಿ ಡೇಟಾ ಹೋದರೆ ಲುಕ್ಸಾನು ಎಷ್ಟು? ಒಂದೇ ಹಾಳೆಯಲ್ಲಿ ಲೆಕ್ಕ ಹಾಕುವುದು ಹೀಗೆ

ಮಾರ್ಚ್ ಕೊನೆಯ ವಾರ. ಆಡಿಟರ್‌ಗೆ ಲೆಕ್ಕ ಕೊಡುವ ಗಡಿಬಿಡಿ. ದಾವಣಗೆರೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕಂಪ್ಯೂಟರ್ ತುಂಬಾ ನಿಧಾನ ಆಗಿದೆ ಅಂತ ರಿಪೇರಿ ಹುಡುಗನನ್ನು ಕರೆಸಿದರು. ಪಾಪ, ಹುಡುಗ ಒಳ್ಳೆಯವನೇ. ಡೆಸ್ಕ್‌ಟಾಪ್ ಮೇಲಿದ್ದ ಮಾಲೀಕರ ಮಗಳ ಮದುವೆ ಫೋಟೋ, ದೇವರ ಹಾಡು ಎಲ್ಲವನ್ನೂ ಜೋಪಾನವಾಗಿ ಪೆನ್‌ಡ್ರೈವ್‌ಗೆ ತೆಗೆದಿಟ್ಟು, ಸಿ ಡ್ರೈವ್ ಫಾರ್ಮ್ಯಾಟ್ ಹೊಡೆದು, ಹೊಸ ವಿಂಡೋಸ್ ಹಾಕಿ, 500 ರೂಪಾಯಿ ಇಸ್ಕೊಂಡು ಹೋದ. ಅಂಗಡಿಯ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ, ಅದರ ಡೇಟಾ ಡೆಸ್ಕ್‌ಟಾಪ್ ಮೇಲೆ ಇರಲಿಲ್ಲ. ಅದು ಸಿ ಡ್ರೈವ್‌ನ ಒಳಗೆ ಎಲ್ಲೋ ಮೂರು ಫೋಲ್ಡರ್ ಕೆಳಗೆ ಇತ್ತು. ಅವನಿಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಅಲ್ಲಿ ಲೆಕ್ಕ ಬರೆಯುತ್ತಿದ್ದವನು ನಾನು. ಬ್ಯಾಕಪ್ ತೆಗೀತಿದ್ದೆ, ಇಲ್ಲ ಅಂತಲ್ಲ. ಆದರೆ ಅದೇ ಸಿ ಡ್ರೈವ್‌ನ ಇನ್ನೊಂದು ಫೋಲ್ಡರಿಗೆ ತೆಗೀತಿದ್ದೆ. ಮನೆಯ ಎರಡನೇ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಹಾಕಿಕೊಂಡು ಹೋದ ಹಾಗೆ. ಹೊರಗೆ ಇದ್ದ ಒಂದೇ ಪ್ರತಿ ದೀಪಾವಳಿ ಲಕ್ಷ್ಮೀಪೂಜೆ ದಿನ ಪೆನ್‌ಡ್ರೈವ್‌ಗೆ ಹಾಕಿದ್ದು. ಹೆಚ್ಚೂಕಡಿಮೆ ಐದು ತಿಂಗಳ ಲೆಕ್ಕ ಹೋಯಿತು.

ಮಾಲೀಕರು ಕೇಳಿದ ಮೊದಲ ಪ್ರಶ್ನೆ: "ಎಷ್ಟು ಖರ್ಚಾಗುತ್ತೆ ವಾಪಸ್ ತರೋಕೆ?" ಅದಕ್ಕೆ ಉತ್ತರ ಸುಲಭ, ರಿಕವರಿ ಮಾಡುವವರನ್ನು ಕೇಳಿದರೆ ಒಂದು ರೇಟು ಹೇಳುತ್ತಾರೆ. ಕೇಳಬೇಕಾಗಿದ್ದ ಪ್ರಶ್ನೆ ಬೇರೆ, ಅದೂ ದೀಪಾವಳಿಗೆ ಮುಂಚೆಯೇ: ವಾಪಸ್ ಬರದೇ ಇದ್ದರೆ ಎಷ್ಟು? ಅದನ್ನು ನೀವು ಈಗಲೇ ಕೂತು ಲೆಕ್ಕ ಹಾಕಬಹುದು. ಒಂದು ಹಾಳೆ, ಒಂದು ಪೆನ್ಸಿಲ್, ಅರ್ಧ ಗಂಟೆ ಸಾಕು.

ಮೊದಲು ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ

ಎಡಗಡೆ ಮೇಲೆ ಬರೆಯಿರಿ: "ಬೇರೆಯವರ ಹತ್ತಿರವೂ ಇದೆ". ಬಲಗಡೆ: "ನಮ್ಮ ಹತ್ತಿರ ಮಾತ್ರ ಇದೆ". ನಿಮ್ಮ ಕಂಪ್ಯೂಟರಿನಲ್ಲಿ ಏನೇನಿದೆಯೋ ಅದನ್ನೆಲ್ಲ ಈ ಎರಡರಲ್ಲಿ ಒಂದು ಕಡೆ ಹಾಕುತ್ತಾ ಹೋಗಿ.

ಎಡಗಡೆ ಬಹಳ ಬೇಗ ತುಂಬುತ್ತದೆ. ಖರೀದಿ ಬಿಲ್ಲು ಸಪ್ಲೈಯರ್ ಹತ್ತಿರ ಇರುತ್ತದೆ, ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿ ಯಲ್ಲೂ ಕಾಣುತ್ತದೆ. ಜಿಎಸ್‌ಟಿ ನಂಬರ್ ಇರುವವರಿಗೆ ಮಾಡಿದ ಮಾರಾಟ ನೀವು ಫೈಲ್ ಮಾಡಿದ ತಿಂಗಳವರೆಗೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ರಲ್ಲಿ ಬಿಲ್ ನಂಬರ್ ಸಮೇತ ಇದೆ. ಲಾರಿಗೆ ಮಾಡಿದ ಇ-ವೇ ಬಿಲ್ಲು ಪೋರ್ಟಲ್‌ನಲ್ಲಿದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಬ್ಯಾಂಕಲ್ಲಿದೆ, ಫೋನ್‌ಪೇ, ಗೂಗಲ್‌ಪೇ ದುಡ್ಡೂ ಅದರೊಳಗೇ ಬಂತು. ದುಡ್ಡು ಕೊಡುವವರು ಮೊದಲೇ ಹಿಡಿದುಕೊಂಡ ತೆರಿಗೆ, ಅಂದರೆ ಟಿಡಿಎಸ್, ಇನ್‌ಕಮ್ ಟ್ಯಾಕ್ಸ್‌ನವರ ಪೋರ್ಟಲ್‌ನಲ್ಲಿ ಸಿಗುತ್ತದೆ. ಇದೆಲ್ಲ ಹೋದರೆ ತಲೆನೋವು, ನಿಜ. ಆದರೆ ತಲೆನೋವು ಅಷ್ಟೇ.

ಬಲಗಡೆ ಏನು ಬರುತ್ತದೆ ನೋಡಿ. ಜಿಎಸ್‌ಟಿ ನಂಬರ್ ಇಲ್ಲದ ಗಿರಾಕಿಗೆ ಕೊಟ್ಟ ಉದ್ರಿ. ಸಣ್ಣ ಗಿರಾಕಿಗಳ ಮಾರಾಟ ರಿಟರ್ನ್‌ನಲ್ಲಿ ಒಟ್ಟು ಮೊತ್ತವಾಗಿ ಹೋಗುತ್ತದೆ, ಯಾರಿಗೆ ಎಷ್ಟು ಅಂತ ಸರ್ಕಾರಕ್ಕೂ ಗೊತ್ತಿಲ್ಲ. ಯಾರು ಯಾವಾಗ ಕೈಯಲ್ಲಿ ಎಷ್ಟು ಕ್ಯಾಶ್ ಕೊಟ್ಟರು. ಯಾವ ಕಂಟ್ರಾಕ್ಟರ್‌ಗೆ ಯಾವ ರೇಟು ಒಪ್ಪಿದ್ದಿರಿ. ಗೋಡೌನ್‌ನಲ್ಲಿ ಯಾವ ಮಾಲು ಎಷ್ಟಿದೆ. ಕೊಟ್ಟ ಅಡ್ವಾನ್ಸು, ಆರ್ಡರ್‌ಗೆ ತೆಗೆದುಕೊಂಡ ಅಡ್ವಾನ್ಸು. ಈ ಬಲಗಡೆಯ ಪಟ್ಟಿಗೆ ಪ್ರಪಂಚದಲ್ಲಿ ಇನ್ನೊಂದು ಪ್ರತಿ ಇಲ್ಲ. ನಿಜವಾದ ಲುಕ್ಸಾನು ಹುಟ್ಟುವುದು ಇಲ್ಲೇ.

ಈಗ ದುಡ್ಡು ಹಾಕೋಣ

ಲೆಕ್ಕ ಸುಲಭವಾಗಲಿ ಅಂತ ಒಂದು ಊಹೆಯ ಅಂಗಡಿ ಇಟ್ಟುಕೊಳ್ಳುತ್ತೇನೆ. ವರ್ಷಕ್ಕೆ 3 ಕೋಟಿ ವ್ಯಾಪಾರ, 300 ದಿನ ಬಾಗಿಲು ತೆರೆದಿರುತ್ತದೆ, ಅಂದರೆ ದಿನಕ್ಕೆ 1 ಲಕ್ಷ. ಮಾರ್ಜಿನ್ 12 ಪರ್ಸೆಂಟ್. ನೂರಕ್ಕೆ ನಲವತ್ತು ಭಾಗ ಉದ್ರಿ. ದಿನಕ್ಕೆ 60 ಬಿಲ್ಲು. ನಿಮ್ಮ ಅಂಕಿ ಬೇರೆ ಇರುತ್ತದೆ, ಅದನ್ನೇ ಹಾಕಿಕೊಳ್ಳಿ.

ಅಂಗಡಿ ನಿಂತ ದಿನದ ಖರ್ಚು. ಇಲ್ಲಿ ಎಲ್ಲರೂ ಮಾಡುವ ತಪ್ಪು, ದಿನಕ್ಕೆ 1 ಲಕ್ಷ ಹೋಯಿತು ಅನ್ನುವುದು. ಹೋಗಿದ್ದು 1 ಲಕ್ಷ ಅಲ್ಲ, ಮಾಲು ನಿಮ್ಮ ಹತ್ತಿರವೇ ಇದೆಯಲ್ಲ. ಹೋಗಿದ್ದು ಮಾರ್ಜಿನ್, ಅಂದರೆ 12,000. ಅದರಲ್ಲೂ ಕೈ ಬಿಲ್ಲು ಬರೆದು ಅರ್ಧ ವ್ಯಾಪಾರ ನಡೆಸಿದರೆ 6,000. ಇದರ ಜೊತೆಗೆ ಕೆಲಸದವರ ಸಂಬಳ ಸುಮ್ನೆ ಹೋಯ್ತು ಅಂತ ಅದನ್ನೂ ಕೂಡಿಸಬೇಡಿ. ಸಂಬಳ ಕೊಡುವುದೇ ಆ ಮಾರ್ಜಿನ್‌ನಿಂದ, ಎರಡು ಸಲ ಎಣಿಸಿದ ಹಾಗಾಗುತ್ತದೆ. ಓವರ್‌ಟೈಮ್ ಕೊಟ್ಟರೆ ಅದನ್ನು ಮಾತ್ರ ಬೇರೆ ಬರೆಯಿರಿ. ಹೊಸ ಡಿಸ್ಕ್ ಹಾಕಿ, ವಿಂಡೋಸ್, ಟ್ಯಾಲಿ, ಪ್ರಿಂಟರ್ ಎಲ್ಲ ಸರಿಮಾಡಿ ಮತ್ತೆ ಬಿಲ್ ಹೊಡೆಯುವಷ್ಟರಲ್ಲಿ ಮೂರು ದಿನ ಅಂದುಕೊಂಡರೆ 18,000.

ಮತ್ತೆ ಬರೆಯುವ ಖರ್ಚು. ಒಂದು ತಿಂಗಳ ಡೇಟಾ ಹೋಗಿದೆ ಅನ್ನಿ. ಒಂದು ಬಿಲ್ಲು ಮತ್ತೆ ಎಂಟ್ರಿ ಹೊಡೆಯಲು 3 ನಿಮಿಷ, 60 ಬಿಲ್ಲಿಗೆ 3 ಗಂಟೆ, 25 ದಿನಕ್ಕೆ 75 ಗಂಟೆ. ಗಂಟೆಗೆ 100 ರೂಪಾಯಿ ಅಂದರೆ 7,500. ಎಂಟ್ರಿಗಿಂತ ಹುಡುಕುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ, ಹಾಗಾಗಿ ನಾನು ಯಾವಾಗಲೂ ಡಬಲ್ ಮಾಡುತ್ತೇನೆ: 15,000. ಕಾರ್ಬನ್ ಕಾಪಿ ಇದ್ದರೆ ಮಾತ್ರ ಈ ಲೆಕ್ಕ. ಕಾಗದವೂ ಇಲ್ಲ ಅಂದರೆ ಬರೆಯುವುದಕ್ಕೆ ಏನಿದೆ?

ಉದ್ರಿ. ತಿಂಗಳ ವ್ಯಾಪಾರ 25 ಲಕ್ಷ, ಅದರಲ್ಲಿ ಉದ್ರಿ 10 ಲಕ್ಷ. ಅದರಲ್ಲಿ ಹತ್ತರಲ್ಲಿ ಒಂದು ಭಾಗ ಸಿಕ್ಕಿಹಾಕಿಕೊಂಡರೂ 1 ಲಕ್ಷ. ಗಿರಾಕಿ ಮೋಸಗಾರ ಅಂತ ಹೇಳುತ್ತಿಲ್ಲ. ಹೆಚ್ಚಿನವರು ಪ್ರಾಮಾಣಿಕರೇ. ಆದರೆ ಮನೆ ಕಟ್ಟುವವರ ಉದ್ರಿ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಮೇಸ್ತ್ರಿ ಬಂದು ಮಾಲು ಒಯ್ಯುತ್ತಾನೆ, ಮಾಲೀಕರ ಹೆಸರಿಗೆ ಬರೆಸುತ್ತಾನೆ, ಮಾಲೀಕರು ಮೂರು ಸಲ ಬಿಡಿಬಿಡಿಯಾಗಿ ದುಡ್ಡು ಕೊಟ್ಟಿರುತ್ತಾರೆ, ಒಂದು ಸಲ ಪೈಪು ವಾಪಸ್ ಬಂದಿರುತ್ತದೆ. ಇದೆಲ್ಲ ಕಳೆದು ಕೂಡಿಸಿ ಬಾಕಿ ಎಷ್ಟು ಅನ್ನುವುದು ಕಂಪ್ಯೂಟರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನೀವು 84,000 ಅಂತೀರಿ, ಅವರು 60,000 ಅಂತಾರೆ, ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಕೊನೆಗೆ ಸಂಬಂಧ ಉಳಿಸಿಕೊಳ್ಳಲು 65,000ಕ್ಕೆ ಮುಗಿಸುತ್ತೀರಿ. ಕೋರ್ಟಿಗೆ ಹೋಗುತ್ತೇನೆ ಅಂದರೂ, ಬರೀ ನಿಮ್ಮ ಲೆಕ್ಕದ ಪುಸ್ತಕದಲ್ಲಿದೆ ಅನ್ನುವುದೊಂದೇ ಸಾಲವನ್ನು ಸಾಬೀತು ಮಾಡುವುದಿಲ್ಲ, ಸಹಿ ಹಾಕಿದ ಬಿಲ್ಲೋ ಡೆಲಿವರಿ ಚೀಟಿಯೋ ಬೇಕು. ಪುಸ್ತಕವೇ ಇಲ್ಲದಿದ್ದರೆ ಮಾತೇ ಮುಗೀತು.

ಈ 1 ಲಕ್ಷವನ್ನು ಮತ್ತೆ ದುಡಿಯಬೇಕಾದರೆ 12 ಪರ್ಸೆಂಟ್ ಮಾರ್ಜಿನ್‌ನಲ್ಲಿ ಸುಮಾರು 8 ಲಕ್ಷ 33 ಸಾವಿರದ ಮಾಲು ಮಾರಬೇಕು. ಎಂಟು ದಿನಕ್ಕಿಂತ ಜಾಸ್ತಿ ಅಂಗಡಿ ಬರೀ ಇದಕ್ಕೋಸ್ಕರ ತೆರೆದಿಟ್ಟ ಹಾಗೆ. ಬಾಡಿಗೆ, ಸಂಬಳ, ಕರೆಂಟ್ ಬಿಲ್ ಬೇರೆ.

ಜಿಎಸ್‌ಟಿ. ಎಲ್ಲರೂ ಹೆದರುವುದು ಇದಕ್ಕೆ, ಆದರೆ ದಂಡದ ಮಟ್ಟಿಗೆ ಇದೇ ಅತಿ ಸಣ್ಣದು. ತಿಂಗಳು ತಿಂಗಳು ಫೈಲ್ ಮಾಡುವ ನಮ್ಮ ಊಹೆಯ ಅಂಗಡಿ, ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ ಯನ್ನು 20 ದಿನ ತಡಮಾಡಿದರೆ ದಿನಕ್ಕೆ 50ರಂತೆ 1,000 ರೂಪಾಯಿ ಲೇಟ್ ಫೀ. ವರ್ಷದ ವ್ಯಾಪಾರ ಒಂದೂವರೆಯಿಂದ 5 ಕೋಟಿ ಒಳಗಿದ್ದರೆ ಒಂದು ರಿಟರ್ನ್‌ಗೆ 5,000ಕ್ಕಿಂತ ಜಾಸ್ತಿ ಆಗುವುದಿಲ್ಲ. ಕ್ಯಾಶ್‌ನಲ್ಲಿ ಕಟ್ಟಬೇಕಾದ ತೆರಿಗೆ 54,000 ಇದ್ದರೆ, ವರ್ಷಕ್ಕೆ 18 ಪರ್ಸೆಂಟ್ ಬಡ್ಡಿಯಲ್ಲಿ 20 ದಿನಕ್ಕೆ 530ರ ಆಸುಪಾಸು. ಎರಡೂ ಸೇರಿ 1,530. ಒಂದು ಬಕೆಟ್ ಪೇಂಟಿನ ದುಡ್ಡೂ ಅಲ್ಲ.

ಅಪಾಯ ಇರುವುದು ಬೇರೆ ಎರಡು ಕಡೆ. ಒಂದು, ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು. ತಿಂಗಳಿಗೆ 22 ಲಕ್ಷದ ಖರೀದಿ, 18 ಪರ್ಸೆಂಟ್ ತೆರಿಗೆ ಅಂದರೆ 3,96,000 ಕ್ರೆಡಿಟ್. ಪೋರ್ಟಲ್‌ನಲ್ಲಿ ಕಾಣಿಸಿದರೆ ಸಾಲದು, ಬಿಲ್ಲು ನಿಮ್ಮ ಹತ್ತಿರ ಇರಬೇಕು. ಬಿಲ್ಲು ಪಿಡಿಎಫ್ ಆಗಿ ಅದೇ ಕಂಪ್ಯೂಟರಿನಲ್ಲಿದ್ದು ಹೋಗಿದ್ದರೆ ಒಬ್ಬೊಬ್ಬ ಸಪ್ಲೈಯರಿಗೂ ಫೋನ್ ಮಾಡಿ ಕಾಪಿ ತರಿಸಿಕೊಳ್ಳಿ. ಒಂದು ಆರ್ಥಿಕ ವರ್ಷದ ಬಿಟ್ಟುಹೋದ ಕ್ರೆಡಿಟ್ ತೆಗೆದುಕೊಳ್ಳಲು ಸಾಮಾನ್ಯವಾಗಿ ಮುಂದಿನ ನವೆಂಬರ್ 30ರವರೆಗೆ ಮಾತ್ರ ಅವಕಾಶ. ಎರಡನೆಯದು, ನೀವು ಜಿಎಸ್‌ಟಿಆರ್-1 ತಡಮಾಡಿದರೆ ನಿಮ್ಮ ಗಿರಾಕಿಗೆ ಕ್ರೆಡಿಟ್ ಕಾಣುವುದಿಲ್ಲ. ದೊಡ್ಡ ಕಂಟ್ರಾಕ್ಟರ್‌ಗಳು ಆಗ ಏನು ಮಾಡುತ್ತಾರೆ? ಪೇಮೆಂಟ್ ನಿಲ್ಲಿಸುತ್ತಾರೆ. ಕಾಣಿಸಲಿ, ಆಮೇಲೆ ನೋಡೋಣ ಅಂತಾರೆ.

ಬ್ಯಾಂಕಿನಲ್ಲಿ ಸಿಸಿ (ಕ್ಯಾಶ್ ಕ್ರೆಡಿಟ್, ಸ್ಟಾಕ್ ತೋರಿಸಿ ಬೇಕಾದಾಗ ದುಡ್ಡು ತೆಗೆಯುವ) ಸಾಲ ಇದ್ದರೆ ಇನ್ನೊಂದು ಸಾಲು ಬರೆಯಿರಿ. ಸ್ಟಾಕ್ ಸ್ಟೇಟ್‌ಮೆಂಟ್ ಕೊಡಲು ಆಗದಿದ್ದರೆ ಎಷ್ಟು ದುಡ್ಡು ತೆಗೆಯಬಹುದು ಅನ್ನುವ ಮಿತಿ ಇಳಿಯಬಹುದು, ಮೂರು ತಿಂಗಳಿಗಿಂತ ಹಳೆಯ ಸ್ಟೇಟ್‌ಮೆಂಟ್ ಮೇಲೆ ನಡೆಯುವ ಖಾತೆಯನ್ನು ಬ್ಯಾಂಕು ಸರಿಯಿಲ್ಲದ ಖಾತೆ ಅಂತಲೇ ಎಣಿಸುತ್ತದೆ. ಬಿಟ್ಟುಹೋದ ಗಿರಾಕಿಗಳ ಲೆಕ್ಕವನ್ನು ನಾನು ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಬರೆದು ಬಿಡುತ್ತೇನೆ. ಅದಕ್ಕೆ ನಿಖರವಾದ ಅಂಕಿ ಯಾರಾದರೂ ಕೊಟ್ಟರೆ ನಂಬಬೇಡಿ.

ಕೂಡಿಸಿ: 18,000, 15,000, 1,00,000, 1,530. ಒಟ್ಟು 1,34,530.

ಈ ಮೊತ್ತಕ್ಕಿಂತ ಮುಖ್ಯವಾದ ಎರಡು ರೇಟು ಇದರೊಳಗೆ ಅಡಗಿದೆ

ಒಂದು: ಅಂಗಡಿ ನಿಂತ ಪ್ರತಿ ದಿನಕ್ಕೆ 6,000. ಇನ್ನೊಂದು: ಬ್ಯಾಕಪ್ ಇಲ್ಲದ ಪ್ರತಿ ದಿನಕ್ಕೆ ಎಷ್ಟು? ಬರೆಯುವ ಖರ್ಚು ಮತ್ತು ಉದ್ರಿ ಸೇರಿ 1,15,000, ಅದನ್ನು 25 ದಿನಕ್ಕೆ ಭಾಗಿಸಿ. 4,600.

ಈ ಎರಡನ್ನು ಒಂದಕ್ಕೊಂದು ಬೆರೆಸಬೇಡಿ, ಯಾಕೆಂದರೆ ಔಷಧ ಬೇರೆ ಬೇರೆ. ಮೊದಲನೆಯದು ಕಡಿಮೆ ಆಗಬೇಕಾದರೆ ಬೇಗ ಎದ್ದು ನಿಲ್ಲುವ ವ್ಯವಸ್ಥೆ ಬೇಕು: ಇನ್ನೊಂದು ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಸಾಫ್ಟ್‌ವೇರ್ ಹಾಕಿ ಸಿದ್ಧವಾಗಿರಬೇಕು. ಎರಡನೆಯದು ಕಡಿಮೆ ಆಗಬೇಕಾದರೆ ಪದೇ ಪದೇ ಬ್ಯಾಕಪ್ ಬೇಕು. ವಾರಕ್ಕೊಮ್ಮೆ ಬ್ಯಾಕಪ್ ತೆಗೆಯುವ ಅಂಗಡಿಯವನು, ಅಂಗಡಿ ತೆರೆದಿರುವ ಆರು ದಿನದ ಡೇಟಾವನ್ನು, ಅಂದರೆ 27,600 ರೂಪಾಯಿಯನ್ನು ಜೂಜಿಗೆ ಇಟ್ಟಿರುತ್ತಾನೆ. ದಿನಾ ತೆಗೆಯುವವನು 4,600. ನಮ್ಮ ದೀಪಾವಳಿ ಬ್ಯಾಕಪ್ಪಿನ ಲೆಕ್ಕ ಹಾಕಿ: ಐದು ತಿಂಗಳು, 125 ದಿನ, 5,75,000. ಈ ಅಂಕಿ ನೋಡಿದ ಮೇಲೆ ಹೊರಗಿನ ಹಾರ್ಡ್ ಡಿಸ್ಕಿಗೆ ಕೆಲವು ಸಾವಿರ ಖರ್ಚು ಮಾಡುವುದು ದುಬಾರಿಯಾ ಅಂತ ಯಾರೂ ಕೇಳುವುದಿಲ್ಲ.

ದೊಡ್ಡವರೇನೂ ಜಾಣರಲ್ಲ

2017ರ ಜೂನ್ 27ರಂದು ಉಕ್ರೇನಿನಲ್ಲಿ ಜನ ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ಒಂದು ಅಕೌಂಟಿಂಗ್ ಸಾಫ್ಟ್‌ವೇರ್‌ನ ಅಪ್‌ಡೇಟ್ ಮೂಲಕ ನಾಟ್‌ಪೆಟ್ಯಾ ಅನ್ನುವ ವೈರಸ್ ಹೊರಬಿತ್ತು. ನಮ್ಮ ಟ್ಯಾಲಿ ಥರದ್ದೇ ಸಾಫ್ಟ್‌ವೇರ್ ಅನ್ನಿ. ಅಲ್ಲಿಂದ ಅದು ಡೆನ್ಮಾರ್ಕಿನ ಹಡಗು ಕಂಪನಿ ಮಾರ್ಸ್ಕ್‌ಗೆ ಹಬ್ಬಿತು. ಮುಂಬೈ ಪಕ್ಕದ ಜೆಎನ್‌ಪಿಟಿ ಬಂದರಿನಲ್ಲಿ ಅವರ ಟರ್ಮಿನಲ್ ಕೂಡ ನಿಂತಿತು. 4,000 ಸರ್ವರ್, 45,000 ಕಂಪ್ಯೂಟರಿಗೆ ಮತ್ತೆ ಎಲ್ಲವನ್ನೂ ಹಾಕಬೇಕಾಯಿತು, ಲುಕ್ಸಾನು 25ರಿಂದ 30 ಕೋಟಿ ಡಾಲರ್ ಅಂತ ಕಂಪನಿಯೇ ಹೇಳಿತು. ನನಗೆ ಇಷ್ಟವಾದ ಭಾಗ ಇದಲ್ಲ. ಇಡೀ ಜಾಲದಲ್ಲಿ ಯಾರು ಯಾವುದರೊಳಗೆ ಹೋಗಬಹುದು ಅನ್ನುವ ಪಟ್ಟಿ ಇಡುವ ಸರ್ವರ್‌ಗಳು ಪ್ರಪಂಚದ ತುಂಬ ಇದ್ದವು, ಒಂದು ಹೋದರೆ ಇನ್ನೊಂದು ಇರುತ್ತದೆ ಅನ್ನುವ ಧೈರ್ಯ. ಎಲ್ಲವೂ ಒಟ್ಟಿಗೇ ಹೋದವು. ಉಳಿದದ್ದು ಘಾನಾ ದೇಶದಲ್ಲಿದ್ದ ಒಂದು ಮಾತ್ರ. ಯಾಕೆ ಉಳಿಯಿತು? ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಕೆಇಬಿಯವರಿಗೆ ನಾವು ದಿನಾ ಬೈಯುತ್ತೇವೆ, ಅಲ್ವಾ?

ನಮ್ಮ ಹಾರ್ಡ್‌ವೇರ್ ಅಂಗಡಿಗೂ ಒಬ್ಬ ಘಾನಾ ಇದ್ದ. ಮೂವತ್ತು ವರ್ಷದಿಂದ ಇದ್ದ ಹಳೆಯ ಗುಮಾಸ್ತರು, ಕಂಪ್ಯೂಟರ್ ನಂಬದವರು. ಸಂಜೆ ಕೂತು ಉದ್ರಿ ಮಾತ್ರ ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಐದು ತಿಂಗಳ ಉದ್ರಿಯಲ್ಲಿ ಹೆಚ್ಚಿನ ಭಾಗ ಆ ಪುಸ್ತಕದಿಂದಲೇ ವಾಪಸ್ ಬಂತು. ಅವರು ಊರಿಗೆ ಹೋಗಿದ್ದ ಸಂಕ್ರಾಂತಿ ವಾರದ ಉದ್ರಿ ಮಾತ್ರ ಇವತ್ತಿಗೂ ಪೂರ್ತಿ ಬಂದಿಲ್ಲ.

ಇನ್ನೊಂದು ಕಥೆ, ಸಾಫ್ಟ್‌ವೇರ್ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಅನ್ನುವ ಕಂಪನಿಯದು. 2017ರ ಜನವರಿ 31ರಂದು ಅವರ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಕಮಾಂಡ್ ಕೊಟ್ಟು ಸುಮಾರು 300 ಜಿಬಿ ಡೇಟಾಬೇಸ್ ಅಳಿಸಿಬಿಟ್ಟರು. ಬ್ಯಾಕಪ್ಪಿಗೆ ಐದು ದಾರಿ ಇಟ್ಟುಕೊಂಡಿದ್ದರು. ಐದೂ ಕೈಕೊಟ್ಟವು. ಬ್ಯಾಕಪ್ ಕೆಡುತ್ತಿದೆ ಅಂತ ಬರಬೇಕಾದ ಇಮೇಲ್‌ಗಳೂ ಬರುತ್ತಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಯಾವುದೋ ಕೆಲಸಕ್ಕೆ ಕೈಯಿಂದ ತೆಗೆದಿದ್ದ ಒಂದು ಪ್ರತಿ ಉಳಿಸಿತು. ದಕ್ಷಿಣ ಕೊರಿಯಾ ಸರ್ಕಾರದ್ದು ಇನ್ನೂ ಈಚಿನದು: 2025ರ ಸೆಪ್ಟೆಂಬರ್ 26ರಂದು ದೇಜಾನ್ ನಗರದ ಡೇಟಾ ಸೆಂಟರ್‌ನಲ್ಲಿ ಬ್ಯಾಟರಿಯಿಂದ ಬೆಂಕಿ ಬಿದ್ದು, ಸರ್ಕಾರಿ ನೌಕರರ ಕಡತ ಇದ್ದ 858 ಟಿಬಿ ಸುಟ್ಟುಹೋಯಿತು. ಹೊರಗೆ ಪ್ರತಿ ಇರಲಿಲ್ಲ. ಡೇಟಾ ತುಂಬಾ ದೊಡ್ಡದು, ಅದಕ್ಕೇ ಇಟ್ಟಿರಲಿಲ್ಲ ಅಂದರು.

ಈಗ ವ್ಯವಸ್ಥೆ ಮಾಡಿಕೊಳ್ಳೋಣ

ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಅಂಗಡಿಯಿಂದ ಹೊರಗೆ. ಎಲ್ಲ ಕಡೆ ಹೇಳುವ ನಿಯಮ ಇದು, ಸರಿಯಾಗಿಯೂ ಇದೆ. ನಮ್ಮ ಅಂಗಡಿಗೆ ಅದನ್ನು ಹೀಗೆ ಇಳಿಸಿಕೊಂಡಿದ್ದೇವೆ.

ಮೊದಲು ಡೇಟಾ ಎಲ್ಲಿದೆ ಅಂತ ನೋಡಿ. ಟ್ಯಾಲಿಪ್ರೈಮ್‌ನಲ್ಲಿ ಸಾಮಾನ್ಯವಾಗಿ ಸಿ ಡ್ರೈವ್, ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್, ಡೇಟಾ ಅನ್ನುವ ದಾರಿಯಲ್ಲಿ, ಅಂಕಿಯ ಹೆಸರಿನ ಫೋಲ್ಡರಿನಲ್ಲಿ ಇರುತ್ತದೆ. ಆ ದಾರಿಯನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಹಿಂದೆ ಅಂಟಿಸಿ. ರಿಪೇರಿ ಹುಡುಗ ಬಂದಾಗ ಮೊದಲು ಅದನ್ನು ತೋರಿಸಿ, ಆಮೇಲೆ ಟೀ ಕೊಡಿ.

ಹೊರಗಿನ ಹಾರ್ಡ್ ಡಿಸ್ಕ್ ಎರಡು ತೆಗೆದುಕೊಳ್ಳಿ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ, ವಾರಕ್ಕೊಮ್ಮೆ ಅದಲು ಬದಲು. ಅಂಗಡಿ ಬಾಗಿಲು ಹಾಕುವ ಮುಂಚೆ ಆಲ್ಟ್ ಮತ್ತು ವೈ ಒತ್ತಿ ಬ್ಯಾಕಪ್ ತೆಗೆಯಿರಿ, ತಾರೀಕಿನ ಹೆಸರಿನ ಹೊಸ ಫೋಲ್ಡರಿಗೆ. ಹಳೆಯದರ ಮೇಲೆಯೇ ಬರೆಯಬೇಡಿ, ಇವತ್ತು ಕೆಟ್ಟ ಡೇಟಾ ನಿನ್ನೆಯ ಒಳ್ಳೆಯದನ್ನು ನುಂಗಿಬಿಡುತ್ತದೆ. ಮುಗಿದ ಕೂಡಲೇ ಡಿಸ್ಕಿನ ವೈರ್ ಕಿತ್ತಿಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಸದಾ ಚುಚ್ಚಿಕೊಂಡೇ ಇರುವ ಡಿಸ್ಕನ್ನು ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಕಂಪ್ಯೂಟರಿನ ಜೊತೆಗೇ ಹಿಡಿಯುತ್ತದೆ.

ಮೂರನೆಯದು ಕ್ಲೌಡ್. ಇಲ್ಲಿ ಒಂದು ಗೊಂದಲ ಇದೆ. ಗೂಗಲ್ ಡ್ರೈವ್‌ಗೆ ಸಿಂಕ್ ಆಗುತ್ತದೆ, ಅದೇ ಬ್ಯಾಕಪ್ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಿಂಕ್ ಅಂದರೆ ಕನ್ನಡಿ. ಮುಖಕ್ಕೆ ಮಸಿ ಬಿದ್ದರೆ ಕನ್ನಡಿಯಲ್ಲೂ ಮಸಿಯೇ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಇಲ್ಲಿ ಲಾಕ್ ಆದ ಫೈಲೇ ಅಲ್ಲಿಗೂ ಹೋಗಿ ಕೂರುತ್ತದೆ. ಅಳಿಸಿದ್ದು ಬಿನ್‌ನಲ್ಲಿ 30 ದಿನ ಇರುತ್ತದೆ, ಹಳೆಯ ವರ್ಷನ್‌ಗಳೂ ಸುಮಾರು ಅಷ್ಟೇ ದಿನ. ಅಷ್ಟರೊಳಗೆ ನಿಮಗೆ ಗೊತ್ತಾದರೆ ಬದುಕಿದಿರಿ. ಹಾಗಾಗಿ ಡೇಟಾ ಫೋಲ್ಡರನ್ನೇ ಸಿಂಕ್‌ಗೆ ಬಿಡದೆ, ತಾರೀಕು ಹಾಕಿದ ಬ್ಯಾಕಪ್ ಫೈಲನ್ನು ಅಪ್‌ಲೋಡ್ ಮಾಡಿ. ಆ ಖಾತೆ ಯಾರ ಇಮೇಲ್‌ನಲ್ಲಿದೆ? ಲೆಕ್ಕ ಬರೆಯುವವನ ಸ್ವಂತ ಜಿಮೇಲ್‌ನಲ್ಲಿದ್ದರೆ ಇವತ್ತೇ ಬದಲಿಸಿ. ಅವನು ಕೆಲಸ ಬಿಟ್ಟ ದಿನ ನಿಮ್ಮ ಬ್ಯಾಕಪ್ಪೂ ಕೆಲಸ ಬಿಡುತ್ತದೆ. ನಾನೇ ಲೆಕ್ಕ ಬರೆಯುವವನು, ನಾನೇ ಹೇಳುತ್ತಿದ್ದೇನೆ.

ಟ್ಯಾಲಿ ಡೇಟಾಗೆ ಬೀಗ ಹಾಕುವ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಕಾಗದದಲ್ಲಿ ಬರೆದು ಮನೆಯ ತಿಜೋರಿಯಲ್ಲಿಡಿ. ಮರೆತರೆ ಮುಗೀತು, ಅದನ್ನು ಯಾರೂ ತೆಗೆದುಕೊಡುವುದಿಲ್ಲ. ಡಿಸ್ಕು ಗಟ್ಟಿಮುಟ್ಟಾಗಿದ್ದೂ ಡೇಟಾ ಹೋಗುವ ಬಗೆ ಇದು. ಮನೆಯಿಂದ ಟ್ಯಾಲಿ ನೋಡಬೇಕು ಅಂತ ರಿಮೋಟ್ ಡೆಸ್ಕ್‌ಟಾಪನ್ನು ನೇರ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದರೆ ಮುಚ್ಚಿಸಿ, ಕಳ್ಳರು ಒಳಗೆ ಬರುವ ದೊಡ್ಡ ಬಾಗಿಲು ಅದೇ. ಹಳೆಯ ವರ್ಷದ ಡೇಟಾ ಯಾಕೆ ಬೇಕು ಅಂತ ಅಳಿಸಬೇಡಿ. ಜಿಎಸ್‌ಟಿ ಕಾನೂನಿನ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಇಟ್ಟುಕೊಳ್ಳಲೇಬೇಕು.

ಇಷ್ಟು ಕಂಪ್ಯೂಟರ್ ಕೆಲಸ. ಇದಕ್ಕಿಂತ ಲಾಭದ್ದು ಇನ್ನೊಂದಿದೆ, ಅದಕ್ಕೆ ಖರ್ಚೇ ಇಲ್ಲ: ಬಲಗಡೆ ಇರುವುದನ್ನು ಎಡಗಡೆಗೆ ದಾಟಿಸುವುದು. ಪ್ರತಿ ತಿಂಗಳು 1ನೇ ತಾರೀಕು ಉದ್ರಿ ಗಿರಾಕಿಗಳಿಗೆಲ್ಲ ವಾಟ್ಸಾಪ್‌ನಲ್ಲಿ ಅವರವರ ಖಾತೆಯ ಸ್ಟೇಟ್‌ಮೆಂಟ್ ಕಳಿಸಿ. "ಅಣ್ಣಾ, ನಿಮ್ಮ ಬಾಕಿ ಇಷ್ಟಿದೆ, ವ್ಯತ್ಯಾಸ ಇದ್ದರೆ ಹೇಳಿ" ಅಂತ ಒಂದು ಸಾಲು. ಅವರು "ಓಕೆ" ಅಂದರು ಅಂದರೆ ನಿಮ್ಮ ಉದ್ರಿ ಪಟ್ಟಿಯ ಒಂದು ಪ್ರತಿ ಅವರ ಫೋನಿನಲ್ಲಿ ಕೂತಿತು, ಒಪ್ಪಿಗೆ ಸಮೇತ. ದೊಡ್ಡ ಬಾಕಿ ಇರುವವರಿಂದ ಕಾಗದದ ಮೇಲೆ ಸಹಿ ತೆಗೆದುಕೊಂಡರೆ ಇನ್ನೂ ಒಳ್ಳೆಯದು, ಸಾಲ ವಸೂಲಿಗೆ ಕೋರ್ಟಿಗೆ ಹೋಗಲು ಇರುವ ಮೂರು ವರ್ಷದ ಗಡುವು ಮುಗಿಯುವ ಮುಂಚೆ ಸಹಿ ಹಾಕಿ ಒಪ್ಪಿಕೊಂಡ ಸಾಲಕ್ಕೆ ಆ ಗಡುವು ಹೊಸದಾಗಿ ಶುರುವಾಗುತ್ತದೆ. ಶನಿವಾರ ಸಂಜೆ ಉದ್ರಿ ಪಟ್ಟಿ ಒಂದು ಪ್ರಿಂಟ್ ತೆಗೆದು ಮನೆಗೆ ಒಯ್ಯಿರಿ. ಇದು ನಮ್ಮ ಗುಮಾಸ್ತರ ಪುಸ್ತಕದ ಜಾಗಕ್ಕೆ ಬಂದದ್ದು.

ಆಗೇ ಹೋದರೆ ಮೊದಲ ಒಂದು ಗಂಟೆ

ಕಂಪ್ಯೂಟರ್ ಆಫ್ ಮಾಡಿ. ಹೋದ ಡೇಟಾ ಇದ್ದ ಡಿಸ್ಕಿನ ಮೇಲೆ ಹೊಸದಾಗಿ ಏನನ್ನೂ ಹಾಕಬೇಡಿ, ರಿಕವರಿ ಸಾಫ್ಟ್‌ವೇರನ್ನು ಕೂಡ. ಹಳೆಯ ತಿರುಗುವ ಡಿಸ್ಕ್ ಆದರೆ ಅಳಿಸಿದ್ದು ಸಿಗುವ ಆಸೆ ಇದೆ. ತಿರುಗುವ ಭಾಗವೇ ಇಲ್ಲದ ಹೊಸ ಬಗೆಯ ಎಸ್‌ಎಸ್‌ಡಿ ಆದರೆ ಆಸೆ ಕಡಿಮೆ, ಅಳಿಸಿದ ಜಾಗವನ್ನು ಅದು ತಾನೇ ಒಳಗೊಳಗೆ ತೊಳೆದುಬಿಡುತ್ತದೆ. ನಮ್ಮದು ಎಸ್‌ಎಸ್‌ಡಿ ಆಗಿತ್ತು, ಏನೂ ಸಿಗಲಿಲ್ಲ. ಟಕ್ ಟಕ್ ಸದ್ದು ಬರುವ ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಪ್ರತಿ ಸಲ ಇನ್ನಷ್ಟು ಹಾಳಾಗುತ್ತದೆ.

ಫೈಲ್ ಲಾಕ್ ಆಗಿ ದುಡ್ಡು ಕೇಳುವ ಚೀಟಿ ಬಂದಿದ್ದರೆ ನೆಟ್ ವೈರ್ ಕಿತ್ತು, ವೈಫೈ ಆಫ್ ಮಾಡಿ, ಪರದೆಯ ಫೋಟೋ ತೆಗೆಯಿರಿ. ದುಡ್ಡು ಕಳಿಸಬೇಡಿ, ಕಳಿಸಿದರೆ ಕೀ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಲಾಕ್ ಆದ ಫೈಲ್‌ಗಳನ್ನು ಎಸೆಯಬೇಡಿ. ಯುರೋಪಿನ ಪೊಲೀಸರು ಸೇರಿ 2016ರಲ್ಲಿ ಶುರುಮಾಡಿದ ನೋ ಮೋರ್ ರ‍್ಯಾನ್ಸಮ್ ಅನ್ನುವ ತಾಣದಲ್ಲಿ ಕೆಲವು ಬಗೆಯ ಲಾಕ್‌ಗೆ ಉಚಿತ ಕೀ ಸಿಗುತ್ತದೆ, ಇವತ್ತು ಇಲ್ಲದ್ದು ಆರು ತಿಂಗಳಾದ ಮೇಲೆ ಬರಲೂಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ, ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಇಂಥ ದಾಳಿಯನ್ನು ಗೊತ್ತಾದ 6 ಗಂಟೆಯೊಳಗೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶ ಇದೆ.

ಬಿಲ್ಲಿಂಗ್ ನಿಲ್ಲಿಸಬೇಡಿ. ಕೈ ಬಿಲ್ಲಿನ ಪುಸ್ತಕ ತೆಗೆಯಿರಿ, ಆದರೆ ಹಳೆಯ ನಂಬರ್ ಎಲ್ಲಿಗೆ ನಿಂತಿತ್ತೋ ಗೊತ್ತಿಲ್ಲವಲ್ಲ, ಅದಕ್ಕೆ ಬೇರೆ ಅಕ್ಷರದಿಂದ ಶುರುವಾಗುವ ಹೊಸ ಸೀರೀಸ್ ಮಾಡಿಕೊಳ್ಳಿ. ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ, 16 ಅಕ್ಷರ ಮೀರಬಾರದು, ಒಂದೇ ವರ್ಷದಲ್ಲಿ ಅದೇ ನಂಬರ್ ಎರಡು ಸಲ ಬರಬಾರದು, ಅಷ್ಟೇ. ಆಡಿಟರ್‌ಗೆ ಅದೇ ದಿನ ಹೇಳಿ. ಬೈತಾರೆ, ಬೈಸಿಕೊಳ್ಳಿ. ಮೂರು ತಿಂಗಳಾದ ಮೇಲೆ ಹೇಳಿದರೆ ಇನ್ನೂ ಜಾಸ್ತಿ ಬೈತಾರೆ.

ಮತ್ತೆ ಕಟ್ಟುವಾಗ ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್, ಆಮೇಲೆ ಖರೀದಿ, ಆಮೇಲೆ ಜಿಎಸ್‌ಟಿ ನಂಬರಿನ ಮಾರಾಟ. ಉದ್ರಿ ಫೋನ್ ಮಾತ್ರ ಮೊದಲ ದಿನವೇ ಶುರುಮಾಡಿ, ನೆನಪು ಹಸಿಯಾಗಿದ್ದಾಗ. "ನಮ್ಮ ಲೆಕ್ಕ ಹೋಗಿಬಿಟ್ಟಿದೆ, ನೀವೆಷ್ಟು ಕೊಡಬೇಕು?" ಅಂತ ಕೇಳಬೇಡಿ ಮಾರಾಯ್ರೆ. "ಖಾತೆ ತಾಳೆ ನೋಡುತ್ತಿದ್ದೇವೆ, ನಿಮ್ಮ ಹತ್ತಿರ ಇರುವ ಬಿಲ್ಲಿನ ಫೋಟೋ ಕಳಿಸಿ" ಅನ್ನಿ. ಸುಳ್ಳೂ ಅಲ್ಲ, ಗಾಬರಿಯೂ ಇಲ್ಲ.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ಬೆಂಕಿ ಪಾಲಿಸಿ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ, ಅದು ಸುಟ್ಟ ಕಂಪ್ಯೂಟರಿಗೆ ದುಡ್ಡು ಕೊಟ್ಟೀತು, ಅದರೊಳಗಿದ್ದ ಲೆಕ್ಕಕ್ಕಲ್ಲ. ಎಲೆಕ್ಟ್ರಾನಿಕ್ ಇಕ್ವಿಪ್‌ಮೆಂಟ್ ಪಾಲಿಸಿಯಲ್ಲಿ ಮೂರು ಭಾಗ ಇರುತ್ತದೆ: ಯಂತ್ರ, ಹೊರಗಿನ ಡೇಟಾ ಡಿಸ್ಕು ಮತ್ತು ಅದರ ಮಾಹಿತಿ ಮತ್ತೆ ತರುವ ಖರ್ಚು, ಕೆಲಸ ನಡೆಸಲು ಆಗುವ ಹೆಚ್ಚಿನ ಖರ್ಚು. ಏಜೆಂಟರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಮಾಡಿಸಿರುತ್ತಾರೆ. ನಿಮ್ಮ ಪಾಲಿಸಿ ತೆಗೆದು ಎರಡು, ಮೂರನೇ ಭಾಗ ಇದೆಯಾ ಅಂತ ನೋಡಿ. ವೈರಸ್ ದಾಳಿಗೆ ಸೈಬರ್ ಪಾಲಿಸಿ ಬೇರೆ, ಅದರ ಷರತ್ತಿನಲ್ಲಿ ಬ್ಯಾಕಪ್ ಬಗ್ಗೆ ಏನು ಬರೆದಿದೆ ಅಂತ ಓದಿಯೇ ಸಹಿ ಹಾಕಿ.

ಇನ್ನು ತೆಗೆದ ಬ್ಯಾಕಪ್ ತೆರೆಯುತ್ತದಾ ಅಂತ ನೋಡುವುದು. ಗಿಟ್‌ಲ್ಯಾಬ್‌ನವರು ಎಡವಿದ್ದು ಇಲ್ಲೇ. ವರ್ಷಕ್ಕೆ ಎರಡು ಸಲವಾದರೂ ಬೇರೆ ಲ್ಯಾಪ್‌ಟಾಪ್‌ನಲ್ಲಿ ರಿಸ್ಟೋರ್ ಮಾಡಿ, ಒಂದು ಗಿರಾಕಿಯ ಬಾಕಿ, ಬ್ಯಾಂಕ್ ಬ್ಯಾಲೆನ್ಸ್, ಕೊನೆಯ ಬಿಲ್ ನಂಬರ್, ಈ ಮೂರು ಅಂಗಡಿಯ ಕಂಪ್ಯೂಟರಿಗೆ ತಾಳೆಯಾಗುತ್ತದಾ ನೋಡಿ. ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿ ಹಾಳೆಯಲ್ಲಿ ಬರೆಯಿರಿ, "ಮೂರು ದಿನ" ಅಂತ ಊಹೆ ಮಾಡಿದ್ದೆವಲ್ಲ, ಅದರ ಜಾಗಕ್ಕೆ. ನಾವು ಯುಗಾದಿಗೆ ಒಮ್ಮೆ, ಆಯುಧ ಪೂಜೆಗೆ ಒಮ್ಮೆ ಮಾಡುತ್ತೇವೆ. ಆಯುಧ ಪೂಜೆಗೆ ಹೇಗೂ ಕಂಪ್ಯೂಟರ್ ಒರೆಸಿ ಕುಂಕುಮ ಇಡುತ್ತೀವಿ. ಹೋದ ವರ್ಷ ಮಾಡಿದಾಗ ಎರಡನೇ ಡಿಸ್ಕ್ ತೆರೆಯಲೇ ಇಲ್ಲ, ಪೂಜೆ ಮುಗಿಸಿ ಅವತ್ತೇ ಸಂಜೆ ಹೊಸದು ತಂದೆವು.